ತಿರುಗಿ ಬರುವ ಕಾರಣ

“ಹಂಗ ಬರದು ಕೊಡ್ಲಿಕ್ಕೆ ಬರೂದಿಲ್ಲ ಪೂರ್ವಾ,” ಎಂದ ನಂದಕಿಶೋರ, ಕನ್ನಡಿಯಲ್ಲಿ ತನ್ನ ಗದ್ದವನ್ನೇ ನೋಡುತ್ತ.

ಗದ್ದದ ಅರ್ಧಕ್ಕೆ ಸಾಬೂನಿನ ನೊರೆ ಇತ್ತು. ಉಳಿದರ್ಧ ಆಗಲೇ ನುಣ್ಣಗಾಗಿತ್ತು. ಒಂದು ಮಾತನ್ನು ತಪ್ಪಿಸಬೇಕಾದಾಗ ಅಣ್ಣ ಕೈಗೊಂದು ಕೆಲಸ ಹಚ್ಚಿಕೊಳ್ಳುತ್ತಾನೆಂಬುದು ಪೂರ್ವಾಳಿಗೆ ಚಿಕ್ಕಂದಿನಿಂದ ಗೊತ್ತು. ಅವಳು ಜಮಖಂಡಿಯಿಂದ ಮೊದಲ ಬಸ್ಸಿಗೆ ಮುಧೋಳಕ್ಕೆ ಬಂದು ಬಾಗಿಲು ತಟ್ಟಿದಾಗ ಅವನು ಪೇಪರು ಓದುತ್ತ ಕೂತಿದ್ದ. ಅವಳು ವಿಷಯ ಎತ್ತಿದ ಮೇಲೇ ಎದ್ದುಹೋಗಿ ಬ್ರಶ್ಶು ಹಿಡಿದದ್ದು.

“ಭಾಳೇನೂ ಬ್ಯಾಡ. ಜಮಖಂಡಿ ಮನ್ಯಾಗ ನಂದೂ ಪಾಲದ ಅಂತ ಒಂದ ಮಾತು.”

“ಅದ ಸುಳ್ಳಲಾ. ನೀನ ಸಹಿ ಮಾಡಿ ಬಿಟ್ಟುಕೊಟ್ಟೀಯಲ್ಲ.”

ಹೌದು. ಅಪ್ಪ ತೀರಿಕೊಂಡ ವರ್ಷ, ಈಗ ಅಣ್ಣ ಬಾಡಿಗೆಗೆ ಕೊಟ್ಟಿರುವ ಆ ಮನೆಯ ಮೇಲಿನ ಹಕ್ಕು ಬಿಟ್ಟಿದ್ದೇನೆಂದು ಅವಳು ಸಹಿ ಹಾಕಿದ್ದಳು. ಯಾರೂ ಒತ್ತಾಯ ಮಾಡಿರಲಿಲ್ಲ. ನಂದಕಿಶೋರ ಬಾಯಿ ತೆರೆಯುವ ಮೊದಲೇ ಪೆನ್ನು ಕೇಳಿದ್ದಳು. ನೋಂದಣಿ ಕಚೇರಿಯ ಮೆಟ್ಟಿಲಿಳಿದಾಗ ಮೈ ಹಗುರವಾದಂತೆ ಅನ್ನಿಸಿ, ಆ ಹಗುರಕ್ಕೆ ಸಂತೋಷ ಎಂದು ಹೆಸರಿಟ್ಟುಕೊಂಡಿದ್ದಳು.

ಈಗ ಸಮುದ್ರದಾಚೆ ಯಾವುದೋ ಕಚೇರಿಯಲ್ಲಿ ಕೂತ ಯಾವನೋ, ಅಥವಾ ಯಾವಳೋ, ಆ ಹಗುರವನ್ನು ತೂಗಿ ನೋಡಿ ಬರೆದಿದ್ದರು. ಅರ್ಜಿದಾರಳಿಗೆ ಸ್ವದೇಶದಲ್ಲಿ ಆಸ್ತಿ ಇಲ್ಲ. ಅವಲಂಬಿತರಿಲ್ಲ. ಮದುವೆಯಾಗಿಲ್ಲ. ಕಾಯಂ ನೌಕರಿಯಿಲ್ಲ. ಓದು ಮುಗಿದ ಮೇಲೆ ಆಕೆ ತಿರುಗಿ ಹೋಗುತ್ತಾಳೆಂದು ನಂಬಲು ತಕ್ಕ ಕಾರಣ ಕಾಣುವುದಿಲ್ಲ. ಆದ್ದರಿಂದ ವಿದ್ಯಾರ್ಥಿ ವೀಸಾ ನಿರಾಕರಿಸಲಾಗಿದೆ. ಮೇಲ್ಮನವಿಗೆ ಅವಕಾಶವುಂಟು.

ಪೂರ್ವಾ ಬನಹಟ್ಟಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದಳು. ಅತಿಥಿ ಉಪನ್ಯಾಸಕಿ. ಹೆಸರಿನಲ್ಲೇ ಅತಿಥಿ. ನದಿಗಳ ಹೂಳಿನ ಬಗ್ಗೆ ಓದಲು ಆ ದೇಶದ ವಿಶ್ವವಿದ್ಯಾಲಯ ಅವಳನ್ನು ಕರೆದಿತ್ತು, ವಿದ್ಯಾರ್ಥಿವೇತನವನ್ನೂ ಕೊಟ್ಟಿತ್ತು. ಕರೆದದ್ದು ವಿಶ್ವವಿದ್ಯಾಲಯ, ಬಾಗಿಲಲ್ಲಿ ತಡೆದದ್ದು ಬೇರೆಯವರು.

ಆ ಪತ್ರ ಬಂದ ದಿನ ಅವಳಿಗೆ ಸಿಟ್ಟು ಬಂದಿರಲಿಲ್ಲ. ಬಟ್ಟೆ ಬದಲಿಸುವಾಗ ಯಾರೋ ಬಾಗಿಲು ತೆರೆದುಬಿಟ್ಟರೆ ಆಗುವಂಥ ನಾಚಿಕೆ ಆಗಿತ್ತು. ತನ್ನನ್ನು ಇಷ್ಟು ಸರಿಯಾಗಿ ಓದಿಕೊಂಡವರು ಈವರೆಗೆ ಯಾರೂ ಇರಲಿಲ್ಲ ಎಂದು ಅನ್ನಿಸಿತ್ತು. ಅಪ್ಪನಿಗೆ ಅವಳು ಹಟಮಾರಿ, ಅಣ್ಣನಿಗೆ ಮೌನಗೌರಿ, ವಿದ್ಯಾರ್ಥಿಗಳಿಗೆ ನಕಾಶೆ ಮೇಡಂ. ಮುಖ ನೋಡದ ಒಬ್ಬ ಪರಕೀಯ ಮಾತ್ರ ನಾಲ್ಕು ಸಾಲಿನಲ್ಲಿ ಅವಳನ್ನು ಪೂರ್ತಿ ಹೇಳಿ ಮುಗಿಸಿದ್ದ. ಮೇಲ್ಮನವಿ ಎಂದರೆ ಈಗ ಅವನು ತಪ್ಪು ಎಂದು ಸಾಧಿಸಬೇಕು.

“ಹೆಣ್ಣಮಗಳು,” ನಂದಕಿಶೋರ ಬ್ಲೇಡನ್ನು ಝಾಡಿಸಿ ಹೇಳಿದ. “ಇಂದಲ್ಲ ನಾಳೆ ಹೋಗೋವಾಕಿ ಅಂತನ ಅಪ್ಪ ಇದ್ದಾಗ್ಲೂ ಮಾತಾಗಿತ್ತು. ಈಗ ತಿರಗಿ ಬರೋವಾಕಿ ಅಂತ ನಾ ಹೆಂಗ ಬರೀಲಿ, ಹೇಳು.”

ಅದೂ ಸರಿಯೇ ಅನ್ನಿಸಿತು ಅವಳಿಗೆ. ಹೋಗುವವಳು ಎಂದು ಅಣ್ಣ, ಬರದವಳು ಎಂದು ಆ ಕಚೇರಿಯವರು. ಇಬ್ಬರಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ.

ಅತ್ತಿಗೆ ವಂದನಾ ಅವಲಕ್ಕಿಯ ತಟ್ಟೆ ತಂದಿಟ್ಟಳು. “ಅದೇನ ಕಾಗದಾ ಬೇಡ್ತಾರೋ ಏನೋ. ನಿನ್ನ ತವರಮನಿ ಇದು, ಯಾವಾಗ ಬೇಕಾದ್ರೂ ಬರಬಹುದು, ಹೋಗಬಹುದು. ಅದಕ್ಕ ಬರದು ಕೊಡೂದೇನದ?”

“ಅದನ್ನ ಬರದು ಕೊಡ್ರಿ ವೈನಿ,” ಎಂದಳು ಪೂರ್ವಾ.

ವಂದನಾ ನಕ್ಕಳು. ತಮಾಷೆ ಎಂದುಕೊಂಡಿರಬೇಕು. “ಅಲ್ಲೆ ಭಾಳ ಥಂಡಿ ಅಂತ. ನಿನಗ ಮೊದಲ ಶೀತಪ್ರಕೃತಿ,” ಎಂದು ಒಳಗೆ ಹೋದಳು.

ಪೂರ್ವಾ ಅವಲಕ್ಕಿ ತಿಂದಳು. ಖಾರ ಸರಿಯಾಗಿತ್ತು. ತಟ್ಟೆ ತೊಳೆದಿಡಲು ಹೋದರೆ ವಂದನಾ ಕೈಯಿಂದ ಕಸಿದುಕೊಂಡಳು. ಬಂದವರು ತಟ್ಟೆ ತೊಳೆಯಬಾರದು.

ನಂದಕಿಶೋರ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಾಗಿಲವರೆಗೆ ಬಂದ. “ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ, ತಡಿ.”

“ಬ್ಯಾಡ. ನಡಕೋತ ಹೋಗ್ತೀನಿ.”

ಅವನು ಎರಡನೆಯ ಸಲ ಹೇಳಲಿಲ್ಲ. ಅಂಗಳ ದಾಟುವಾಗ ಹಿಂದೆ ಟಿ.ವಿ. ಹಚ್ಚಿದ ಸದ್ದು ಕೇಳಿತು. ಅವಳು ಇರುವಷ್ಟು ಹೊತ್ತು ಅದನ್ನು ಮರ್ಯಾದೆಗೆ ಬಂದ್ ಮಾಡಿಟ್ಟಿದ್ದರು.

ಮಹಾಲಿಂಗಪುರದ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಬಸ್ಸಿನ ಮುಂದೆ ಸೇರಿಕೊಂಡಿತು. ಎರಡು ಟ್ರಾಲಿ, ರಸ್ತೆ ತುಂಬ ಕಬ್ಬಿನ ಗರಿ. ಚಾಲಕ ಹಾರ್ನು ಒತ್ತಿದ, ಬೈದ, ಆಮೇಲೆ ಸುಮ್ಮನಾದ. ಬಸ್ಸು ಎತ್ತಿನ ಗಾಡಿಯ ವೇಗಕ್ಕೆ ಇಳಿಯಿತು. ಪೂರ್ವಾಳ ಫೋನು ಬಡಿದುಕೊಂಡಿತು. ಭೀಮಶಿ.

ಭೀಮಶಿಗೆ ಜಮಖಂಡಿಯಲ್ಲಿ ಔಷಧಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಒಂದು ಖೋಲಿ ಇತ್ತು. ಗೋಡೆಗೆ ದೊಡ್ಡ ದೊಡ್ಡ ಗಡಿಯಾರದ ಗೋಪುರ, ಹಿಮ ಬಿದ್ದ ರಸ್ತೆಗಳ ಚಿತ್ರ. ಪರದೇಶದಲ್ಲಿ ಓದಬೇಕೆನ್ನುವವರಿಗೆ ಅವನು ಅರ್ಜಿ ತುಂಬಿಕೊಡುತ್ತಿದ್ದ. ತಾನು ಪುಣೆ ದಾಟಿ ಹೋಗಿಲ್ಲವೆಂದು ಒಮ್ಮೆ ಅವನೇ ಹೇಳಿದ್ದ, ಹೆಮ್ಮೆಯಿಂದ.

“ಏನಾತ್ರಿ ಮೇಡಂ? ಆಸ್ತಿದು?”

“ಆಗ್ಲಿಲ್ಲ.”

“ಹೋಗ್ಲಿ ಬಿಡ್ರಿ. ಹತ್ತೆಕರೆ ಇದ್ದಾವ್ರನ್ನೂ ಒಲ್ಲೆ ಅಂದಾರ. ಎರಡನೇದ ಗಟ್ಟಿ ಐತಿ ನಮ್ದು. ಲಗ್ನ ನಿಶ್ಚಯ ಆಗೇತಿ, ಹುಡುಗ ಇಲ್ಲೇ ಕಾಯಾಕತ್ತಾನ ಅಂದ್ರ ಅವರಿಗೆ ಬಾಯಿ ಇರೂದಿಲ್ಲ. ನಿಮ್ಮ ಕಾಲೇಜಿನ ಆ ಸರ್ ತಯಾರದಾರಲ್ರಿ?”

“ಹೂಂ.”

“ಫೋಟೋ ಸ್ಟುಡಿಯೋದಾಗನ ತಗಸ್ರಿ. ಮೊಬೈಲನ್ಯಾಗಿನ್ವು ಬ್ಯಾಡ, ಖೊಟ್ಟಿ ಕಾಣ್ತಾವ. ಹಾರ, ಉಂಗುರ ಎಲ್ಲಾ ಬರಬೇಕು. ನಾಳಿಗೆ ಕಳಸೂದೈತಿ, ನೆನಪಿರ್ಲಿ. ಮತ್ತ ಮೇಡಂ...”

“ಏನು?”

“ಸ್ವಲ್ಪ ನಗ್ರಿ.”

ಮೇಲ್ಮನವಿಯ ಜೊತೆ ಅವಳೇ ಕೈಯಾರೆ ಬರೆದ ವಿವರಣೆಯೂ ಬೇಕಿತ್ತು. ‘ನಾನು ನನ್ನ ಊರಿಗೆ ತಿರುಗಿ ಬರಲು ಕಾರಣ’ ಎಂದು ಎಷ್ಟೋ ಸಲ ಶುರು ಮಾಡಿದ್ದಳು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಮತ್ತೆ ಮನಸ್ಸಿನಲ್ಲೇ ಹುಡುಕಿದಳು. ಸುಟ್ಟ ಕಬ್ಬಿನ ರವದಿಯ ವಾಸನೆ. ಮಾರ್ಚಿಗೇ ಬಾಯಿ ಬಿಡುವ ಕರಿಮಣ್ಣು. ಅದು ಕಾರಣವಲ್ಲ, ಹವಾಮಾನ. ಮನುಷ್ಯರನ್ನು ಹುಡುಕಿದಳು. ಜಮಖಂಡಿಯಲ್ಲಿ ಅವಳು ಬಾಡಿಗೆಗಿದ್ದ ಮಾಳಿಗೆಯ ಕೆಳಗಿನವರು ಅವಳನ್ನು ‘ಮ್ಯಾಲಿನವರು’ ಎನ್ನುತ್ತಿದ್ದರು. ಮ್ಯಾಲಿನವರು ಬಂದರು, ಮ್ಯಾಲಿನವರು ದೀಪ ಆರಿಸಿದರು. ಇದ್ದದ್ದು ಒಬ್ಬಳೇ. ಒಬ್ಬಳಿಗೆ ಬಹುವಚನ ಎಷ್ಟು ದೊಡ್ಡ ಜಾಗ ಮಾಡಿ ಅವಳನ್ನು ಅದರಲ್ಲಿ ಒಂಟಿ ಕೂಡಿಸುತ್ತದೆ ಎಂದು ಅವಳು ಕೆಲವು ಸಲ ಯೋಚಿಸಿದ್ದಳು.

ಉಳಿದದ್ದು ನೀಲಕಂಠ.

ನೀಲಕಂಠ ಅದೇ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ. ರಬಕವಿಯ ನೇಕಾರರ ಮನೆಯವನು. ಎರಡು ವರ್ಷದ ಹಿಂದೆ, ಪರೀಕ್ಷೆಯ ದಿನಗಳಲ್ಲಿ, ಚಹದಂಗಡಿಯ ಮುಂದೆ ನಿಂತು, ಚಹ ಆರುವುದನ್ನು ನೋಡುತ್ತ, “ನನ್ನ ಲಗ್ನ ಆಗ್ತೀರೇನು?” ಎಂದು ಕೇಳಿದ್ದ. ಅವಳು, “ಪರೀಕ್ಷಾ ಮುಗೀಲಿ,” ಎಂದಿದ್ದಳು. ಪರೀಕ್ಷೆಗಳು ಮುಗಿದವು. ಫಲಿತಾಂಶ ಬಂತು. ಮತ್ತೆ ಪರೀಕ್ಷೆಗಳು ಬಂದವು. ಅವನು ಮತ್ತೆ ಕೇಳಲಿಲ್ಲ. ಬೇರೆಲ್ಲಿಯೂ ಲಗ್ನ ಮಾಡಿಕೊಳ್ಳಲಿಲ್ಲ. ಮೊನ್ನೆ ಅವಳು ಫೋನಿನಲ್ಲಿ ಎಲ್ಲವನ್ನೂ, ಭೀಮಶಿಯ ಉಪಾಯವನ್ನೂ, ನಾಚಿಕೆಯಿಲ್ಲದೆ ಹೇಳಿದಾಗ, ಅವನು ಕೊನೆಯವರೆಗೆ ಕೇಳಿ, “ಬರ್ರಿ,” ಎಂದಷ್ಟೇ ಹೇಳಿದ್ದ.

ರಬಕವಿಯಲ್ಲಿ ಬಸ್ಸಿಳಿದಾಗ ಅವನು ಬೈಕಿನ ಪಕ್ಕ ನಿಂತಿದ್ದ. ಕ್ಷೌರ ಮಾಡಿಸಿಕೊಂಡಿದ್ದ. ಕಿವಿಯ ಹಿಂದೆ ಬಿಸಿಲು ಕಾಣದ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಅದನ್ನು ನೋಡಿ ಅವಳಿಗೆ ಕಸಿವಿಸಿಯಾಯಿತು. ದಿನನಿತ್ಯದ ಕೆದರಿದ ತಲೆಯಲ್ಲೇ ಬರಬಾರದಿತ್ತೇ.

“ತಡಾ ಆತು.”

“ಕಬ್ಬಿನ ಟ್ರ್ಯಾಕ್ಟರ ಅಡ್ಡ ಇತ್ತು.”

“ಅಣ್ಣಾರು ಕೊಟ್ರೇನು?”

“ಇಲ್ಲ.”

“ಹಂಗಾದ್ರ ನಾ ಒಬ್ಬಾವನ ಉಳದೆ,” ಎಂದು ನಕ್ಕ.

“ಮನ್ಯಾಗ ಏನಂತ ಹೇಳೀರಿ?”

“ಹೇಳೇನಿ.”

“ಏನಂತ?”

“ಕೂಡ್ರಿ. ಬಿಸಲೈತಿ.”

ಅವರ ಓಣಿಗೆ ತಿರುಗುವ ಮೊದಲೇ ಮಗ್ಗಗಳ ಸದ್ದು ಎದುರು ಬಂತು. ಮನೆ ಮನೆಯಲ್ಲೂ ಪಾವರ್‌ಲೂಮು. ಖಟ್ ಖಟ್ ಎನ್ನುವುದು ಗೋಡೆಗೆ, ಗೋಡೆಯಿಂದ ಎದೆಗೂಡಿಗೆ ಬಡಿಯುತ್ತಿತ್ತು. ಆ ಓಣಿಯಲ್ಲಿ ಜನ ಒಂದೋ ಕೂಗಿ ಮಾತಾಡುತ್ತಿದ್ದರು, ಇಲ್ಲವೇ ಮಾತಾಡುತ್ತಲೇ ಇರಲಿಲ್ಲ. ನೀಲಕಂಠನ ಸ್ವಭಾವ ಎಲ್ಲಿಂದ ಬಂತೆಂದು ಅವಳಿಗೆ ಈಗ ತಿಳಿಯಿತು.

ಪಡಸಾಲೆಯಲ್ಲಿ ಮಗ್ಗ ಓಡುತ್ತಿತ್ತು. ಅದರಾಚೆ ಅವನ ತಾಯಿ ಬೋರವ್ವ ನೂಲು ಸುತ್ತುತ್ತಿದ್ದವಳು ಎದ್ದು ಬಂದಳು. ನೀರು ಕೊಟ್ಟಳು. ಪೂರ್ವಾಳ ಮುಖಕ್ಕಿಂತ ಮೊದಲು ಅವಳ ಪಾದ ನೋಡಿದಳು.

“ಬಾ ಯವ್ವಾ. ಮೊದಲ ಉಣ್ಣು,” ಎಂದು ಕೂಗಿ ಹೇಳಿದಳು.

ಸಜ್ಜಕ ಮಾಡಿದ್ದಳು. ಮೇಲೆ ತುಪ್ಪ. ಹಬ್ಬವಲ್ಲದ ದಿನ ಸಿಹಿ ಅಡಿಗೆ. ಹಾಗಾದರೆ ಈ ಹೆಂಗಸಿಗೆ ಏನೂ ಗೊತ್ತಿಲ್ಲ. ಮಗನಿಗೆ ನಿಜವಾಗಿಯೇ ಹೆಣ್ಣು ನಿಶ್ಚಯವಾಗಿದೆ ಎಂದು ನಂಬಿದ್ದಾಳೆ. ಪೂರ್ವಾ ನೀಲಕಂಠನ ಕಡೆ ನೋಡಿದಳು. ಅವನು ತಲೆ ಬಗ್ಗಿಸಿ ಊಟ ಮಾಡುತ್ತಿದ್ದ.

ಊಟವಾದ ಮೇಲೆ ಬೋರವ್ವ ಅವಳ ಮಣಿಕಟ್ಟು ಹಿಡಿದು ಒಳಕೋಣೆಗೆ ಕರೆದೊಯ್ದಳು. ಟ್ರಂಕಿನಿಂದ ಹಸಿರು ಸೀರೆ ತೆಗೆದಳು, ಕೆಂಪು ಅಂಚು. ಮಡಿಕೆ ಬಿಚ್ಚುತ್ತ ಏನೋ ಹೇಳಿದಳು. ಮಗ್ಗದ ಸದ್ದಿನಲ್ಲಿ ತುಟಿಯಷ್ಟೇ ಕಂಡಿತು. ಚೂಡಿದಾರದ ಮೇಲಂಗಿ ತೆಗೆದಿಟ್ಟು, ಅಳತೆಗೆ ದೊಡ್ಡದಾದ ಯಾರದೋ ಕುಪ್ಪಸ ತೊಟ್ಟು, ಪೂರ್ವಾ ಬೊಂಬೆಯಂತೆ ಕೈ ಎತ್ತಿ ನಿಂತಳು. ಬೋರವ್ವ ಸೊಂಟದ ಸುತ್ತ ಸೀರೆ ಸುತ್ತಿದಳು. ನೆರಿಗೆ ಹಿಡಿಯಲು ಅವಳ ಮುಂದೆ ಮಂಡಿಯೂರಿ ಕೂತಳು.

ಹೇಳಿಬಿಡಬೇಕು, ಎಂದುಕೊಂಡಳು ಪೂರ್ವಾ. ಈಗಲೇ. ಆದರೆ ಇಷ್ಟು ಸದ್ದಿನಲ್ಲಿ ನಿಜ ಹೇಳಬೇಕೆಂದರೆ ಕೂಗಬೇಕು. ಕೂಗಿ ಹೇಳುವಂಥ ನಿಜ ಅದಾಗಿರಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು.

ಕರೆಂಟು ಹೋಯಿತು.

ಮಗ್ಗ ಒಂದು ಏಟನ್ನು ಅರ್ಧಕ್ಕೇ ನುಂಗಿ ನಿಂತಿತು. ಪಕ್ಕದ ಮನೆಯದೂ ನಿಂತಿತು, ಅದರ ಪಕ್ಕದ್ದೂ. ಓಣಿಗೆ ಓಣಿಯೇ ಬಾಯಿಗೆ ಕೈ ಇಟ್ಟುಕೊಂಡಂತಾಯಿತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುವುದು ಕೇಳಿತು. ಪೂರ್ವಾಳಿಗೆ ತನ್ನ ಉಸಿರು ಕೇಳಿತು.

“ಅವ್ವಾರ, ನಿಮಗ ಒಂದು ಹೇಳೂದದ...”

“ನೀ ಏನೂ ಹೇಳಬ್ಯಾಡ,” ಎಂದಳು ಬೋರವ್ವ, ನೆರಿಗೆಯಿಂದ ಕಣ್ಣೆತ್ತದೆ. “ಅವ ಎಲ್ಲಾ ಹೇಳ್ಯಾನ. ಬರೇ ಫೋಟೋಕ್ಕ ಅಂತ.”

ಪೂರ್ವಾ ಸೀರೆಯ ಕೆಂಪು ಅಂಚನ್ನು ಮುಟ್ಟಿ ನೋಡಿದಳು.

“ಮತ್ತ... ಈ ಸೀರಿ?”

“ಫೋಟೋದಾಗ ಸೀರಿ ಕಾಣಬೇಕಲಾ.” ಬೋರವ್ವ ನೆರಿಗೆಗಳನ್ನು ಒಟ್ಟು ಮಾಡಿ ಸೊಂಟಕ್ಕೆ ಸಿಕ್ಕಿಸಿದಳು, ಅಂಗೈಯಿಂದ ಒತ್ತಿದಳು. “ನನಗ ಸುಳ್ಳ ಅಂತ ಹೇಳ್ಯಾನ. ತನಗ ಹೇಳಕೊಂಡಿಲ್ಲ ಅವ. ನಿನ್ನಿ ಹೋಗಿ ಕಟಿಂಗ ಮಾಡಿಸ್ಕೊಂಡ ಬಂದಾನ.”

“ನಿಮಗ ಸಿಟ್ಟ ಬರಲಿಲ್ಲೇನ್ರಿ?”

“ಬಂತು.” ಅವಳು ಮಂಡಿ ಹಿಡಿದುಕೊಂಡು ಎದ್ದಳು. “ಅಡಗಿ ಮಾಡ್ಕೋತ ಹೋತು.”

ಇನ್ನೇನಾದರೂ ಹೇಳುತ್ತಾಳೆಂದು ಪೂರ್ವಾ ಕಾದಳು. ಬಯ್ಯಬಹುದು, ಬೇಡಿಕೊಳ್ಳಬಹುದು. ಎರಡಕ್ಕೂ ಉತ್ತರ ಇಟ್ಟುಕೊಂಡಿದ್ದಳು. ಬೋರವ್ವ ಅಕ್ಕಿಯ ಡಬ್ಬಿ ತೆಗೆದಳು. ತೆಂಗಿನಕಾಯಿ, ಎಲೆ ಅಡಿಕೆ, ಒಂದು ಕುಪ್ಪಸದ ಕಣ. “ಸೆರಗ ಒಡ್ಡು. ಖಾಲಿ ಉಡಿಲೆ ನಮ್ಮ ಹೊಸ್ತಲಾ ದಾಟಿಸಾಕ ಬರೂದಿಲ್ಲ,” ಎಂದಳು. ಅಕ್ಕಿ ಮುಷ್ಟಿ ಮುಷ್ಟಿಯಾಗಿ ಬಿದ್ದು, ಹಸಿರು ಸೆರಗು ಭಾರವಾಗಿ ಜಗ್ಗಿತು.

ಮಗ್ಗ ನಿಂತರೆ ಓಣಿಯ ಹೆಂಗಸರು ಹೊರಗೆ ಬರುತ್ತಾರೆ. ಹಾಗೆ ಬಂದ ನೆರೆಮನೆಯ ಹಣಮವ್ವ ಬಾಗಿಲಲ್ಲಿ ಇಣುಕಿ ಅಲ್ಲೇ ನಿಂತುಬಿಟ್ಟಳು.

“ಏನಬೇ ಬೋರಕ್ಕ! ಗಟ್ಟಿ ಆತೇನು? ಬಾಯಿ ಬಿಡಲಿಲ್ಲಲ್ಲ ನೀ!”

ಬೋರವ್ವನ ಕೈ ನಿಲ್ಲಲಿಲ್ಲ. “ಹೂಂ, ಆತು. ಸಣ್ಣಂಗ ಮಾಡೇವಿ.”

“ಯಾವೂರವ್ವಾ ನಿಂದು?”

“ಜಮಖಂಡಿ,” ಎಂದಳು ಪೂರ್ವಾ.

“ಯಾರ ಪೈಕಿ?”

ಪೂರ್ವಾ ತಡವರಿಸಿದಳು. “ಗೋಪಾಲರಾಯರ ಮಗಳು.” ತೀರಿಕೊಂಡವರ ಹೆಸರನ್ನು ಗುರುತಿನ ಚೀಟಿಯಂತೆ ತೋರಿಸಿದ ಹಾಗಾಯಿತು.

“ಹಂಗಾರ ನಮ್ಮವರಲ್ಲ,” ಎಂದಳು ಹಣಮವ್ವ.

“ಈಗ ಆದ್ಲು,” ಎಂದಳು ಬೋರವ್ವ.

ಅಷ್ಟು ಸರಳವಾಗಿ. ಒಂದು ಕ್ಷಣ ಪೂರ್ವಾ ತನ್ನೊಳಗೆ ಕಿವಿಗೊಟ್ಟಳು. ಸಂತೋಷವೋ, ಹೆದರಿಕೆಯೋ, ಏನಾದರೊಂದು ಎದ್ದು ನಿಲ್ಲಬೇಕಿತ್ತು. ಬೇರೆ ಯಾರದೋ ಮನೆಯ ಕಾರ್ಯಕ್ಕೆ ಬಂದು ಅಚ್ಚುಕಟ್ಟಾಗಿ ನಡೆದುಕೊಳ್ಳುವವಳ ಎಚ್ಚರವೊಂದೇ ಅಲ್ಲಿತ್ತು. ಸೆರಗಿನಿಂದ ಅಕ್ಕಿ ಚೆಲ್ಲದಂತೆ ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬೈಕಿನ ಮೇಲೆ ಒಂದು ಬದಿಗೆ ಕಾಲು ಇಳಿಬಿಟ್ಟು ಕೂತಳು. ಹಸಿರು ಸೀರೆ, ತುಂಬಿದ ಉಡಿ. ಓಣಿಯ ಕಟ್ಟೆಗಳ ಮೇಲೆ ಕೂತವರು ಮಾತು ನಿಲ್ಲಿಸಿ ನೋಡಿದರು. ಹಣಮವ್ವ ಅವರಿಗಿಂತ ಮುಂದೆ ಓಣಿಯ ತುದಿಯನ್ನು ಮುಟ್ಟಿದ್ದಳು.

“ನಾ ಹೋದ ಮ್ಯಾಲ ಇವರಿಗೆಲ್ಲಾ ಏನ್ ಹೇಳ್ತೀರಿ?”

“ಬಿಟ್ಟ ಹೋದ್ಲು ಅಂತೀನಿ.” ಅವನ ದನಿ ಗಾಳಿಯಲ್ಲಿ ಹಿಂದಕ್ಕೆ ಬಂತು. “ಯಾರೂ ಸುಳ್ಳ ಅನ್ನೂದಿಲ್ಲ.”

“ವೀಸಾ ಸಿಗಲಿಲ್ಲಂದ್ರ?”

ಎದುರಿಗೆ ನೂಲಿನ ಮೂಟೆ ಹೇರಿದ ಗಾಡಿ ಬಂತು, ನೀಲಕಂಠ ಬದಿಗೆ ಸರಿದ, ಮತ್ತೆ ರಸ್ತೆಗೆ ಬಂದ. ಅವಳು ಈವರೆಗೆ ಆ ಪ್ರಶ್ನೆಯನ್ನು ತನಗೇ ಕೇಳಿಕೊಂಡಿರಲಿಲ್ಲ. ಮೇಲ್ಮನವಿ ಬಿದ್ದುಹೋದರೆ ಅವಳು ಇಲ್ಲೇ ಉಳಿಯುತ್ತಾಳೆ. ಈ ಓಣಿಯ ಪಾಲಿಗೆ ಮದುವೆ ಗೊತ್ತಾದ ಹೆಣ್ಣಾಗಿ, ಆ ದೇಶಕ್ಕೆ ಬೇಡವಾದವಳಾಗಿ.

“ಸಿಗತೈತಿ,” ಎಂದ ನೀಲಕಂಠ, ಪೇಟೆಯ ರಸ್ತೆಗೆ ತಿರುಗುತ್ತ. ಅದು ಹಾರೈಕೆಯೋ ಹೆದರಿಕೆಯೋ ಬೆನ್ನು ನೋಡಿ ಹೇಳುವಂತಿರಲಿಲ್ಲ.

ಪೇಟೆಯ ಪಾಂಡಪ್ಪನ ಸ್ಟುಡಿಯೋದಲ್ಲಿ ಕರೆಂಟಿತ್ತು. ಪಾಂಡಪ್ಪ ಮಾತುಗಾರ. ಇಬ್ಬರನ್ನೂ ನೋಡಿ, “ಮಂದಿ ಎಲ್ಲಿರಿ?” ಎಂದ.

“ನಾವ ಅಷ್ಟ,” ಎಂದ ನೀಲಕಂಠ.

“ಹಂಗೂ ಛಲೋನ.” ಅವನು ಹೆಚ್ಚು ಕೇಳಲಿಲ್ಲ. ಮೂಲೆಯ ಮೊಳೆಗೆ ಜೋತುಬಿದ್ದಿದ್ದ ಪ್ಲಾಸ್ಟಿಕ್ ಮಲ್ಲಿಗೆಯ ಹಾರಗಳ ಧೂಳು ಝಾಡಿಸಿ ಕೊಟ್ಟ. ಕೆಂಪು ಪರದೆ ಎಳೆದ. ಬಿಳಿ ಕೊಡೆಯಂಥ ದೀಪಗಳನ್ನು ಹೊತ್ತಿಸಿದ.

ನೀಲಕಂಠ ಕಿಸೆಯಿಂದ ಉಂಗುರ ತೆಗೆದ. ಅವಳು ಅದನ್ನು ನಿರೀಕ್ಷಿಸಿರಲಿಲ್ಲ. ಯಾವುದಾದರೂ ತಗಡಿನದನ್ನು ಸ್ಟುಡಿಯೋದವನೇ ಕೊಡುತ್ತಾನೆ ಎಂದುಕೊಂಡಿದ್ದಳು.

“ಇದು ಯಾರದು?”

“ಫೋಟೋಕ್ಕ ತಂದದ್ದು.”

ಬೆರಳಿಗೆ ಅದು ಸರಿಯಾಗಿ ಕೂತಿತು. ಅಳತೆ ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ನೀಲಕಂಠ ತೊಡಿಸುವಾಗ ಪಾಂಡಪ್ಪ ಕ್ಯಾಮೆರಾದ ಹಿಂದಿನಿಂದ, “ಸರ, ಕೈ ಅಳ್ಳಾಡಸಬ್ಯಾಡ್ರಿ. ಮೇಡಂ ನೋಡ್ರಿ, ಹೆಂಗ ಗಟ್ಟಿ ನಿಂತಾರ,” ಎಂದ. ಪೂರ್ವಾ ತನ್ನ ಕೈ ನೋಡಿಕೊಂಡಳು. ಅದು ಒಂದಿಷ್ಟೂ ಅಲುಗುತ್ತಿರಲಿಲ್ಲ. ಅಲುಗಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

“ಮೇಡಂ, ಸರ್‌ನ ನೋಡಿ ನಗ್ರಿ.”

ನಕ್ಕಳು. ಕಷ್ಟವಾಗಬಹುದೆಂದಿದ್ದ ನಗು ತಾನಾಗಿ ಬಂತು, ಬೆಳಕು ಮಿಂಚುವವರೆಗೂ ನಿಂತಿತು. ಮತ್ತೆ ಬೇಕೆಂದಾಗ ಮತ್ತೆ ಬಂತು.

ಪಾಂಡಪ್ಪ ಕ್ಯಾಮೆರಾ ತೆಗೆದುಕೊಂಡು ಗಾಜಿನ ಮರೆಯಲ್ಲಿದ್ದ ಕಂಪ್ಯೂಟರಿನತ್ತ ಹೋದ. ಇಬ್ಬರೂ ಹಾರ ಹಾಕಿಕೊಂಡೇ ಬೆಂಚಿನ ಮೇಲೆ ಕೂತರು. ದೀಪಗಳ ಶಾಖ ಇನ್ನೂ ಮುಖದ ಮೇಲಿತ್ತು. ನೀಲಕಂಠ ಹಾರದ ಒಂದು ಹೂವನ್ನು ಬೆರಳಿನಿಂದ ತಿರುವುತ್ತಿದ್ದ.

“ಒಂದ ಮಾತ ಕೇಳಲೇನು?”

“ಕೇಳ್ರಿ.”

“ಅವರು ಕೇಳ್ಯಾರಲ್ಲ, ಅದನ್ನ ನಾನೂ ಕೇಳಬೇಕಂತೀನಿ.” ಅವನು ಅವಳ ಕಡೆ ನೋಡಲಿಲ್ಲ. “ತಿರಗಿ ಬರ್ತೀರೇನು?”

ಇಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು, ಅದು ನಿಜಕ್ಕೆ ಎಲ್ಲಕ್ಕಿಂತ ಹತ್ತಿರವಿತ್ತು. ಇಡೀ ದಿನದಲ್ಲಿ ಒಬ್ಬರು ಅವಳನ್ನು ಅವಳಿಗಾಗಿ ಕೇಳಿದ ಪ್ರಶ್ನೆ ಅದೊಂದೇ. ಅವಳು ಬಾಯಿ ತೆರೆದಳು.

“ಓದು ಮುಗದ ಕೂಡ್ಲೆ ಬರ್ತೀನಿ. ನನ್ನ ಸಂಬಂಧಗಳೆಲ್ಲಾ ಇಲ್ಲೇ ಅವ.”

ಮಾತು ನಡುವಿರುವಾಗಲೇ ಅದು ಮೇಲ್ಮನವಿಯ ಭಾಷೆಯೆಂದು ಅವಳಿಗೆ ಕೇಳಿಸಿತು. ಕೆಳಗೊಂದು ಸಹಿ, ಒಂದು ಮುದ್ರೆ ಬಿದ್ದರೆ ಸಾಕು. ಅಷ್ಟು ದಿನ ಹುಡುಕಿದರೂ ಸಿಗದ ವಾಕ್ಯ ಇಲ್ಲಿ, ಇವನೆದುರು, ತಪ್ಪಿಲ್ಲದೆ ಹೊರಬಿದ್ದಿತ್ತು.

ನೀಲಕಂಠ ತಲೆಯಾಡಿಸಿದ. ನಿಧಾನವಾಗಿ, ವಿದ್ಯಾರ್ಥಿಯೊಬ್ಬ ಬಾಯಿಪಾಠ ಒಪ್ಪಿಸಿದಾಗ ತಲೆಯಾಡಿಸುವಂತೆ.

“ಛಲೋ ಹೇಳಿದ್ರಿ,” ಎಂದ. “ಅವರೂ ನಂಬ್ತಾರ.”

ಹಾರ ತೆಗೆದು ಬೆಂಚಿನ ಮೇಲಿಟ್ಟ. “ಗಾಡಿ ಬಿಸಲಾಗ ನಿಂತೈತಿ. ನೆರಳಿಗೆ ಹಚ್ಚಿ ಬರ್ತೀನಿ.”

ಗಾಜಿನ ಬಾಗಿಲಾಚೆ ಅವನು ಬೈಕಿನ ಪಕ್ಕ ಹೋಗಿ ನಿಂತದ್ದು ಕಂಡಿತು. ಗಾಡಿಯನ್ನು ಕದಲಿಸಲಿಲ್ಲ. ಬಿಸಿಲಿನಲ್ಲೇ ನಿಂತು ರಸ್ತೆ ನೋಡುತ್ತಿದ್ದ. ಎದ್ದುಹೋಗಿ ಏನಾದರೂ ಹೇಳಬೇಕು ಅನ್ನಿಸಿತು ಅವಳಿಗೆ. ಏನು ಎಂದು ಯೋಚಿಸುತ್ತ ಕೂತಳು. 

“ಮೇಡಂ, ಒಂದೀಟ ಇಲ್ಲೆ ಬರ್ರಿ.”

ಪಾಂಡಪ್ಪ ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟ. “ಒಂದ ತ್ರಾಸ ಆಗೇತ್ರಿ. ನಿಮ್ದು ಛಲೋ ಬಂದದ್ದರಾಗ ಸರ್‌ದು ಕಣ್ಣ ಮುಚ್ಚ್ಯಾವ. ಸರ್‌ದು ಛಲೋ ಬಂದದ್ದರಾಗ ನಿಮ್ಮ ಮಾರಿ ಆ ಕಡೆ ಐತಿ. ಇಬ್ಬರನ್ನೂ ಬ್ಯಾರೆ ಬ್ಯಾರೆ ಕತ್ತರಿಸಿ ಜೋಡಸ್ತೀನಿ. ಗೊತ್ತ ಆಗೂದಿಲ್ಲ.”

“ಮಾಡ್ರಿ.”

ಅವನ ಕೈ ಚುರುಕಾಗಿತ್ತು. ಚಿತ್ರದಿಂದ ಮೊದಲು ಕೆಂಪು ಪರದೆ ಹೋಯಿತು. ಆಮೇಲೆ ನೆಲ. ಆಮೇಲೆ ನೀಲಕಂಠ, ಮುಚ್ಚಿದ ಕಣ್ಣು, ಹೊಸ ಕ್ಷೌರದ ಕಿವಿ, ಇಸ್ತ್ರಿ ಮಾಡಿದ ತೋಳು. ಅವಳ ಕೈಯ ಮೇಲೆ ಅವನ ಬೆರಳ ತುದಿಗಳು ಮಾತ್ರ ಉಳಿದಿದ್ದವು. ಪಾಂಡಪ್ಪ ಚಿತ್ರವನ್ನು ಹಿಗ್ಗಿಸಿ, ನಾಲಿಗೆ ಕಚ್ಚಿಕೊಂಡು, ಅವನ್ನೂ ಒಂದೊಂದಾಗಿ ಒರೆಸಿದ.

“ಹಿಂದ ಏನ ಹಾಕ್ಲಿರಿ?”

ಒಂದೊಂದಾಗಿ ತೋರಿಸಿದ. ದೀಪದ ಸರ ಇಳಿಬಿಟ್ಟ ಮಂಟಪ. ಕಲ್ಲಿನ ಕಂಬಗಳ ಗುಡಿ. ಹೊಳೆಯ ದಂಡೆ. ಹೂವಿನ ತೋಟ. ಹಿಮದ ಗುಡ್ಡ. ಪ್ರತಿಯೊಂದೂ ಅವಳ ಹಿಂದೆ ಬಂದು ನಿಂತಿತು, ಹೋಯಿತು. ಅವಳು ಕದಲಲಿಲ್ಲ.

“ಯಾವುದಾದ್ರೂ ನಡೀತೈತ್ರಿ ನಿಮಗ,” ಎಂದ ಪಾಂಡಪ್ಪ, ಮೆಚ್ಚಿಗೆಯಿಂದ. “ಎಲ್ಲಾದಕ್ಕೂ ಹೊಂದತೀರಿ. ಹೇಳ್ರಿ, ಯಾವುದು ಇಡ್ಲಿ?”

ಕೊನೆಯದನ್ನೂ ತೆಗೆದು ಅವಳ ಉತ್ತರಕ್ಕೆ ಕಾದ. ಕಂಪ್ಯೂಟರಿನ ಪರದೆಯ ತುಂಬ, ಹಿನ್ನೆಲೆ ಇಲ್ಲವೆಂದು ತೋರಿಸುವ ಬೂದಿ ಬಿಳಿ ಬಣ್ಣದ ಸಣ್ಣ ಸಣ್ಣ ಚೌಕಗಳು ಕೊನೆಯಿಲ್ಲದೆ ಹರಡಿದ್ದವು. ಅವುಗಳ ನಡುವೆ, ಪಾದದ ಕೆಳಗೆ ನೆಲವಿಲ್ಲದೆ, ಎಲ್ಲಿಯೂ ನೆರಳು ಬೀಳದೆ, ಹಸಿರು ಸೀರೆಯ ಒಬ್ಬ ಹೆಂಗಸು ಕೈಯನ್ನು ಮುಂದಕ್ಕೆ ಚಾಚಿ, ಯಾರೂ ಇಲ್ಲದ ಕಡೆ ಮುಖ ಮಾಡಿ, ನಗುತ್ತಲೇ ಇದ್ದಳು.